ನನ್ನ ಕ್ಯಾಮೆರಾಕ್ಕೆ ಬಿಳಿ ಅಂದ್ರೆ ಗೊತ್ತಿರಲಿಲ್ಲ

ಅಕ್ಕನ ಮಗ ಬೆಂಗಳೂರಿನಲ್ಲಿ ಹೊಸ ಕ್ಯಾಮೆರಾ ತಗೊಂಡ. ಹಳೇ ಡಿಎಸ್‌ಎಲ್‌ಆರ್ ನನ್ನ ಪಾಲಿಗೆ ಬಂತು. ಜೊತೆಗೆ ಒಂದು 18-55 ಎಂಎಂ ಜೂಮ್ ಲೆನ್ಸು, ಒಂದು ಚರ್ಮದ ಚೀಲ, ಮತ್ತೆ ಒಂದು ಮಾತು: "ಆಟೋದಲ್ಲೇ ಇಟ್ಕಂಡು ಫೋಟೋ ತೆಗ್ಯದಾದ್ರೆ ನಿನ್ನ ಮೊಬೈಲೇ ಸಾಕು ಮಾವ."

ನಾನು ಆಟೋದಲ್ಲೇ ಇಟ್ಟೆ. ಮೇಲಿನ ಚಕ್ರದಲ್ಲಿ ಪಿ, ಎ, ಎಸ್, ಎಂ ಅಂತೆಲ್ಲ ಇತ್ತು. ಮುಟ್ಟಿದರೆ ಏನೋ ಹಾಳಾದೀತು ಅನ್ನುವ ಹೆದರಿಕೆ.

ನನ್ನ ಊರು ಶಿರಸಿ ಕಡೆ, ಮಾಸ್ತರಿಕೆ ಕಾರವಾರದಲ್ಲಿ. ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ನಡೆಯುವ ರೂಢಿ. ಒಂದು ದಿನ ರಂಪಣಿ ಬಲೆ ಎಳೆಯುತ್ತಿದ್ದರು. ಎರಡೂ ತುದಿಯ ಹಗ್ಗ ಹಿಡಿದು ಸಾಲಾಗಿ ಜನ, ಕಾಲಡಿಗೆ ಹಾಲಿನಂಥ ನೊರೆ. ನಲವತ್ತು ಫೋಟೋ ಹೊಡೆದೆ. ಬಲೆ ಎಳೆಯುವವರಲ್ಲಿ ನನಗೆ ಪರಿಚಯದ ಒಬ್ಬರಿದ್ದರು, ಪರದೆ ನೋಡಿ ನಕ್ಕರು. "ಏನ್ ಮಾಸ್ತರೇ, ಸಮುದ್ರಕ್ಕೆ ಬೂದಿ ಕಲಸಿದ್ರಾ?"

ನಿಜವೇ. ನೊರೆ ಬೂದಿ ಬಣ್ಣ, ಜನರ ಮುಖ ಕಪ್ಪು. ಕ್ಯಾಮೆರಾ ಹಾಳಾಗಿದೆ ಅಂದುಕೊಂಡು ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ಅವನು ಹೇಳಿದ ಒಂದೇ ವಿಷಯ ನನ್ನ ಅರ್ಧ ಕಲಿಕೆ. ಕ್ಯಾಮೆರಾಕ್ಕೆ ಬಿಳಿ, ಕಪ್ಪು ಅನ್ನುವುದು ಗೊತ್ತಿಲ್ಲ. ಒಳಗಿನ ಮೀಟರ್ ಎದುರಿನಿಂದ ಬರುವ ಬೆಳಕನ್ನಷ್ಟೇ ಅಳೆಯುತ್ತದೆ. ಎದುರಿಗೆ ಏನೇ ಇದ್ದರೂ ಒಟ್ಟಾರೆ ಒಂದು ನಡುಬೂದು ಬಣ್ಣ ಅಂತಲೇ ಅದರ ನಂಬಿಕೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ವಾಪಸ್ ಕಳಿಸುವ ಬೂದು. ನೊರೆ ಜಾಸ್ತಿ ಇದ್ದರೆ 'ಅಯ್ಯೋ, ಬೆಳಕು ಹೆಚ್ಚಾಯ್ತು' ಅಂತ ತಾನೇ ಇಳಿಸಿಬಿಡುತ್ತದೆ.

ಅದನ್ನು ತಿದ್ದಲಿಕ್ಕೆ ಪ್ಲಸ್-ಮೈನಸ್ ಗುರುತಿನ ಒಂದು ಸಣ್ಣ ಗುಂಡಿ ಇದೆ. ಪೂರ್ತಿ ಆಟೋದಲ್ಲಿ ನನ್ನ ಕ್ಯಾಮೆರಾ ಅದನ್ನು ಕೇಳುವುದಿಲ್ಲ, ಹಾಗಾಗಿ 'ಎ'ಗೆ ಬಂದೆ. ಅದರಲ್ಲಿ ಬೆಳಕು ಒಳಬಿಡುವ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅಂತ ನಾವು ಹೇಳಿದರೆ, ಷಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಪ್ಲಸ್ 1 ಅಂದರೆ ಬೆಳಕು ಎರಡು ಪಟ್ಟು, ಮೈನಸ್ 1 ಅಂದರೆ ಅರ್ಧ. ಮರುದಿನ ಅದೇ ನೊರೆಗೆ ಪ್ಲಸ್ 1 ಕೊಟ್ಟೆ. ಬಿಳಿ ಬಿಳಿಯಾಯಿತು! ಬೆಳಕು ಹೆಚ್ಚಿರುವ ಕಡೆ ಇನ್ನೂ ಹೆಚ್ಚು ಬೆಳಕು ಕೊಡಬೇಕು ಅನ್ನುವುದು ಮಾತ್ರ ತಲೆಗೆ ಇಳಿಯಲು ಒಂದು ವಾರ ಹಿಡಿಯಿತು. ಕಾಳಿ ನದಿಯ ಅಳಿವೆಯಲ್ಲಿ ಕೂತ ಬೆಳ್ಳಕ್ಕಿ ಮೇಲೆ ಅದೇ ಪ್ಲಸ್ ಕೊಟ್ಟರೆ ರೆಕ್ಕೆಯ ಗೆರೆಯೆಲ್ಲ ಅಳಿಸಿಹೋಯಿತು. ಹಿಂದಿದ್ದದ್ದು ಕಡುಹಸಿರು ಕಾಂಡ್ಲ ಗಿಡ. ಹಕ್ಕಿ ಎಷ್ಟು ಬಿಳಿ ಅನ್ನುವುದಷ್ಟೇ ಅಲ್ಲ, ಚೌಕಟ್ಟಿನಲ್ಲಿ ಯಾವುದು ಜಾಸ್ತಿ ಜಾಗ ತಿಂದಿದೆ ಅಂತ ನೋಡಬೇಕಂತೆ.

ಕಪ್ಪಿನ ಪಾಠ ಮಾಜಾಳಿ ಹತ್ತಿರದ ತಿಳ್‌ಮಾತಿಯಲ್ಲಿ ಆಯಿತು. ಕೊಂಕಣಿಯಲ್ಲಿ ತೀಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಮರಳು ಹಾಗೇ ಇದೆ, ಕರಿ ಎಳ್ಳು ಸುರಿದ ಹಾಗೆ. ನನ್ನ ಫೋಟೋದಲ್ಲಿ ಮಾತ್ರ ಸಿಮೆಂಟು. ಮೈನಸ್ 1 ಹಾಕಿದ ಮೇಲೆ ಎಳ್ಳಾಯಿತು. (ಅಂದಹಾಗೆ, ಕಾರವಾರ ನೌಕಾನೆಲೆಯ ಊರು. ಅರ್ಗಾ ಕಡೆ ಹೋಗುವಾಗ ಕ್ಯಾಮೆರಾ ಚೀಲದಲ್ಲೇ ಇರಲಿ.)

ನಿಜವಾದ ಪರೀಕ್ಷೆ ಯಕ್ಷಗಾನ. ಊರಲ್ಲಿ ಆಟ ಇತ್ತು. ರಂಗದ ಹಿಂದೆಲ್ಲ ಕಪ್ಪು, ನಡುವೆ ಹೊಳೆಯುವ ವೇಷ. ಕ್ಯಾಮೆರಾ ಆ ಕತ್ತಲನ್ನೂ ಬೂದು ಮಾಡಲು ಹೊರಟಿತು. ಬಣ್ಣ ಹಚ್ಚಿದ ಮುಖ ಅಕ್ಕಿಹಿಟ್ಟಿನ ಉಂಡೆಯಂತೆ ಬಂತು, ಕಣ್ಣು-ಹುಬ್ಬು ಎಲ್ಲಿ ಅಂತ ಹುಡುಕಬೇಕು. ಮೈನಸ್ 2 ಹಾಕಿದೆ, ಒಂದು ವೇಷಕ್ಕೆ ಸರಿಹೋಯಿತು. ಮುಂದಿನ ದೃಶ್ಯದಲ್ಲಿ ಬಿಳಿ ಸೀರೆಯ ಸ್ತ್ರೀವೇಷ ಬಂದಾಗ ಮತ್ತೆ ಕೆಟ್ಟಿತು. ಹೀಗೆ ಗುಂಡಿ ತಿರುಗಿಸುತ್ತಾ ಕೂತಾಗ ಹೊಳೆಯಿತು. ದೀಪ ಬದಲಾಗಿಲ್ಲ. ವೇಷ ಬದಲಾದ ಹಾಗೆ ಮೀಟರ್ ತನ್ನ ಮಾತು ಬದಲಿಸುತ್ತಿದೆ, ಅಷ್ಟೇ. ಹಾಗಾದರೆ ಅದನ್ನು ಕೇಳುವುದೇ ಬೇಡ ಅಲ್ವಾ? ಎಲ್ಲವನ್ನೂ ನಾವೇ ಕೂಡಿಸಬೇಕಾದ, ನಾನು ಹೆದರುತ್ತಿದ್ದ 'ಎಂ'ಗೆ ಅವತ್ತೇ ಹೋದೆ. ಒಂದು ಮುಖ ಸರಿ ಬರುವ ತನಕ ಲೆಕ್ಕ ಕೂಡಿಸಿ, ಆಮೇಲೆ ಮುಟ್ಟಲಿಲ್ಲ. ಎಲ್ಲರೂ ಕಷ್ಟ ಅನ್ನುವ ಎಂ, ಆಟದ ರಂಗಕ್ಕೆ ಎಲ್ಲಕ್ಕಿಂತ ಸುಲಭ.

ಆದರೆ 18-55 ಲೆನ್ಸಿಗೆ ಅಷ್ಟು ಬೆಳಕು ಸಾಲದು. ಜೂಮ್ ಮಾಡಿದರೆ ಅದರ ಕಿಂಡಿ 5.6ಕ್ಕಿಂತ ಅಗಲ ತೆರೆಯುವುದಿಲ್ಲ (ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ). ಮುಂದಿನ ಆಟಕ್ಕೆ 50 ಎಂಎಂ, 1.8ರ ಲೆನ್ಸು ತಗೊಂಡೆ. ಅದು ಒಳಬಿಡುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಕಿಂಡಿ 2, ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ), ಷಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ. ಮಂಡಿ ಹಾಕಿ ಗಿರಗಿರ ತಿರುಗುವಾಗ ಇದೂ ಸಾಲದು, 500ನೇ ಒಂದು ಭಾಗ ಬೇಕು. ಆಗ ಕೆಲವು ಫೋಟೋದಲ್ಲಿ ಅಡ್ಡಡ್ಡ ಮಂಕು ಪಟ್ಟೆ ಬಂದವು. ನಮ್ಮ ಕರೆಂಟಿನಲ್ಲಿ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ನಿಂತ ವೇಷಕ್ಕೆ ವೇಗವನ್ನು 100ನೇ ಒಂದು ಭಾಗಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಕುಣಿತಕ್ಕೆ ಪಟ್ಟೆಯನ್ನು ಸಹಿಸಿಕೊಂಡು ಹತ್ತು ಹೊಡೆದು ಎರಡು ಉಳಿಸುತ್ತೇನೆ.

ಯಾವಾಗ ಒತ್ತಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಚಿಕ್ಕಂದಿನಿಂದ ಆಟ ನೋಡಿದ ಕಿವಿ ಇದೆ. ಚಂಡೆ ಬಿಗಿಯಾಗುತ್ತಾ ಬಂದರೆ ಬೆರಳು ತಾನೇ ಸಿದ್ಧವಾಗುತ್ತದೆ.

ಒಂದು ದೊಡ್ಡ ತಪ್ಪು ಮಾಡಿದೆ. ಮೊದಲ ಮಳೆಗಾಲ ಕ್ಯಾಮೆರಾವನ್ನು ಆ ಚರ್ಮದ ಚೀಲದಲ್ಲೇ ಕಪಾಟಿನಲ್ಲಿಟ್ಟು ಮರೆತೆ. ಚೌತಿಗೆ ತೆಗೆದಾಗ 18-55ರ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ರಿಪೇರಿಯವನು ಕೇಳಿದ ದುಡ್ಡಿಗೆ ಇನ್ನೊಂದು ಹಳೇ ಲೆನ್ಸೇ ಬರುತ್ತಿತ್ತು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ನಮ್ಮ ಕಡೆಯ ಮಳೆಗೆ ಅದು ಆಗಿಬರುವುದಿಲ್ಲ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್ ಪೊಟ್ಟಣ. ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡುವುದು, ನೀಲಿಯಾದ ಮೇಲೆ ಆರಿಸಿ ಮತ್ತೆ ಒಳಗಿಡುವುದು. ಅದಕ್ಕೆಂದೇ ಒಂದು ಹಳೇ ಬಾಣಲೆ ಬೇರೆ ಇಟ್ಟಿದ್ದೇನೆ.

ಡಬ್ಬಿ ಮಾತ್ರ ಹಪ್ಪಳದ್ದು. ಹಪ್ಪಳ ಮೆತ್ತಗಾದಾಗಲೆಲ್ಲ ಮನೆಯಲ್ಲಿ ಬೈಗುಳ ತಿನ್ನುವುದು ಕ್ಯಾಮೆರಾ.