ಮಕ್ಕಳನ್ನು ಊರಿನ ಕಾಲೇಜಿಗೆ ಕಳಿಸುವ ಮೊದಲು

ಶಾರ್ಜಾಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರು ಮನೆಗೆ ಬಂದಾಗ ಬಾಡಿಗೆ ಎಷ್ಟು, ಸ್ಕೂಲು ಯಾವುದು, ಒಳ್ಳೆ ಬಂಗುಡೆ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಅವರ ಮಗುವಿಗೆ ಹದಿಮೂರೋ ಹದಿನಾಲ್ಕೋ ಆಗಿದ್ದರೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಹತ್ತನೇ ಕ್ಲಾಸ್ ಆದ ಮೇಲೆ ಏನು ಮಾಡ್ತೀರಿ? ಹೆಚ್ಚಿನವರು "ಅದಕ್ಕೆ ಇನ್ನೂ ಟೈಮ್ ಇದೆಯಲ್ಲ ಅಕ್ಕ" ಎನ್ನುತ್ತಾರೆ. ಟೈಮ್ ಇಲ್ಲ. ಕಾಲೇಜಿನ ಕೆಲಸ ಒಂಬತ್ತನೇ ಕ್ಲಾಸಿನಲ್ಲೇ ಶುರುವಾಗಬೇಕು.

ನಾನು ಉಡುಪಿ ಕಡೆಯ ಕಟಪಾಡಿ ಹತ್ತಿರದವಳು. ಇಲ್ಲಿಗೆ ಬಂದು ಇಪ್ಪತ್ತೊಂದು ವರ್ಷ ಆಯಿತು. ಮಗಳು ಇಲ್ಲೇ ಹನ್ನೆರಡನೇ ಕ್ಲಾಸ್ ಮುಗಿಸಿ ಮಂಗಳೂರಿಗೆ ಹೋದಳು. ಮಗ ಹತ್ತು ಮುಗಿದ ಕೂಡಲೇ ಪಿಯುಸಿಗೆ ಅಂತ ಉಡುಪಿಗೆ ಹೋದ. ಎರಡರಲ್ಲಿ ಯಾವ ದಾರಿ ಹಿಡಿದರೂ ಒಂದು ಬಾಗಿಲು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಯಾವುದು ಮುಚ್ಚುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಇಂಜಿನಿಯರಿಂಗ್ ಕಡೆ ಮನಸ್ಸಿರುವ ಮಗುವಿನ ವಿಷಯ ತೆಗೆದುಕೊಳ್ಳಿ. ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರ ಸರಕಾರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊರದೇಶದಲ್ಲಿ ಓದಿದವರಿಗೆ ಡಾಸಾ ಎನ್ನುವ ಯೋಜನೆಯಲ್ಲಿ ಸೀಟುಗಳಿವೆ. ಅದರೊಳಗೇ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಸಿಐಡಬ್ಲ್ಯುಜಿ ಅಂತ ಬೇರೆ ಪಾಲು ಇದೆ. ಇದರ ಫೀಸು ಡಾಸಾದ ಡಾಲರ್ ಫೀಸಿಗಿಂತ ಎಷ್ಟೋ ಕಡಿಮೆ. ಸೀಟು ಹಂಚುವುದು ಜೆಇಇ ಮೈನ್ ಪರೀಕ್ಷೆಯ ಮೇಲೆ. ಆದರೆ 11 ಮತ್ತು 12ನೇ ಕ್ಲಾಸನ್ನು ಹೊರದೇಶದಲ್ಲೇ ಓದಿರಬೇಕು. ಹತ್ತು ಮುಗಿಸಿ ಊರಿಗೆ ಕಳಿಸಿದರೆ ಈ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.

ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಇದರ ಉಲ್ಟಾ. ಸರಕಾರಿ ಕೋಟಾದ ಸೀಟಿಗೆ ಮಗು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎನ್ನುವುದು ಮೊದಲ ನಿಯಮ. ಇಲ್ಲಿ ಬೆಳೆದ ಮಕ್ಕಳಿಗೆ ಅದು ಆಗುವ ಮಾತಲ್ಲ. ಇನ್ನೊಂದು ದಾರಿ ಇದೆ. ಮಗು ಪಿಯುಸಿಯ ಎರಡು ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಬೇಕು, ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಪ್ರತಿ ವರ್ಷ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮಾಹಿತಿ ಪುಸ್ತಕ ಹೊರಡಿಸುತ್ತದೆ. ಅದನ್ನು ನೀವೇ ಕೂತು ಓದಿ. ಪಕ್ಕದ ಫ್ಲ್ಯಾಟಿನವರು ಹೇಳಿದ್ದನ್ನು ನಂಬಿ ಕೂರಬೇಡಿ, ನಿಯಮ ವರ್ಷ ವರ್ಷ ತಿದ್ದುಪಡಿ ಆಗುತ್ತಿರುತ್ತದೆ.

ಈ ಎರಡನೇ ದಾರಿಗೆ ಅಪ್ಪ ಅಮ್ಮನ ವ್ಯಾಸಂಗ ಪ್ರಮಾಣಪತ್ರ ಬೇಕು. ಓದಿದ ಶಾಲೆಯವರು ಬರೆದುಕೊಡಬೇಕು, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಮಗನಿಗಾಗಿ ನಾನು ಓದಿದ ಸರಕಾರಿ ಕನ್ನಡ ಶಾಲೆಗೆ ಹೋದೆ. ಮೂವತ್ತು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಹೆಡ್ ಟೀಚರ್ ಬೀರುವಿನಿಂದ ಹಳೇ ದಾಖಲಾತಿ ಪುಸ್ತಕ ತೆಗೆದರು. ಅಂಚು ಗೆದ್ದಲು ತಿಂದಿತ್ತು, ಹಾಳೆ ಹಳದಿ. ಬೆರಳಿಟ್ಟು ಸಾಲು ಸಾಲು ನೋಡುತ್ತಾ ಬಂದರು. ನನ್ನ ಹೆಸರು ಸಿಕ್ಕಿತು. ಪಕ್ಕದಲ್ಲಿ ನನ್ನ ಅಪ್ಪನ ಸಹಿ, ಕಷ್ಟಪಟ್ಟು ಬರೆದ ನಾಲ್ಕಕ್ಷರ. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಗ ಪಕ್ಕದಲ್ಲೇ ನಿಂತಿದ್ದ. ಅಜ್ಜನ ಆ ಸಹಿಯಿಂದ ತನ್ನ ಸೀಟಿಗೆ ದಾರಿ ಆಗುತ್ತದೆ ಅಂತ ಅವನಿಗೆ ಅವತ್ತು ಗೊತ್ತಾಯಿತು. ಆಮೇಲೆ ಬಿಇಒ ಆಫೀಸಿಗೆ ಅವನೇ ಫೈಲ್ ಹಿಡಿದುಕೊಂಡು ಬಂದ.

ನಿಮ್ಮ ಶಾಲೆ ಮುಚ್ಚಿದೆಯೋ, ಬೇರೆ ಶಾಲೆಗೆ ಸೇರಿಸಿದ್ದಾರೋ ಅಂತ ಮುಂದಿನ ರಜೆಯಲ್ಲೇ ವಿಚಾರಿಸಿ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಕನ್ನಡ ಶಾಲೆಗಳಿವೆ. ಮುಚ್ಚಿದ್ದರೂ ದಾಖಲೆ ಎಲ್ಲೋ ಒಂದು ಕಡೆ ಇರುತ್ತದೆ, ಆದರೆ ಹುಡುಕಲು ದಿನ ಬೇಕು.

ಉಳಿದ ಕಾಗದಗಳಲ್ಲಿ ಮುಖ್ಯವಾದದ್ದು ಹೆಸರು. ಪಾಸ್‌ಪೋರ್ಟ್, ಆಧಾರ್, ಹತ್ತನೇ ಕ್ಲಾಸ್ ಅಂಕಪಟ್ಟಿ, ಮೂರರಲ್ಲೂ ಹೆಸರು ಒಂದೇ ತರ ಇರಲಿ. ಮನೆತನದ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಓಡಾಟ ತಪ್ಪಿದ್ದಲ್ಲ. ಇಲ್ಲಿನ ಸ್ಕೂಲಿನ ಟಿಸಿ, ಬೋರ್ಡಿನ ಮೈಗ್ರೇಶನ್ ಸರ್ಟಿಫಿಕೇಟ್ ತೆಗೆದಿಡಿ. ಟಿಸಿಗೆ ಅಟೆಸ್ಟೇಶನ್ (ಅಧಿಕೃತ ದೃಢೀಕರಣ) ಕೇಳುವ ಕಾಲೇಜುಗಳೂ ಇವೆ, ಅದನ್ನು ವಿಮಾನ ಹತ್ತುವ ಮೊದಲೇ ಮುಗಿಸಿ.

ಡಾಕ್ಟರ್ ಆಗಬೇಕು ಎನ್ನುವ ಮಕ್ಕಳ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ನೋಡಿದ್ದೇನೆ. ಎನ್‌ಆರ್‌ಐ ಕೋಟಾ ಇದೆ, ದುಡ್ಡು ಕಟ್ಟಿದರೆ ಆಯಿತು ಎನ್ನುತ್ತಾರೆ. ಖಾಸಗಿ ಕಾಲೇಜುಗಳಲ್ಲಿ ಶೇ. 15ರವರೆಗೆ ಎನ್‌ಆರ್‌ಐ ಸೀಟು ಇಟ್ಟುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದ್ದು ಹೌದು. ಆದರೆ ಆ ಸೀಟಿಗೂ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಪಾಸಾಗಲೇಬೇಕು. ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿಗಳು, ದೇರಳಕಟ್ಟೆಯ ಡೀಮ್ಡ್ ಯೂನಿವರ್ಸಿಟಿ ಕಾಲೇಜುಗಳು, ಇವಕ್ಕೆಲ್ಲ ಸೀಟು ಹಂಚುವುದು ದೆಹಲಿಯ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ನಡೆಸುವ ಕೌನ್ಸೆಲಿಂಗ್‌ನಲ್ಲಿ. ಕಾಲೇಜಿನ ಕೌಂಟರಿನಲ್ಲಿ ಅಲ್ಲ. ನಮ್ಮ ಮನೆಗೂ ಒಬ್ಬ ಏಜೆಂಟ್ ಬಂದಿದ್ದ. ಮುಂಗಡ ಕೊಡಿ, ಸೀಟು ಹಿಡಿದಿಡುತ್ತೇನೆ ಅಂದ. ಹಿಡಿದಿಡಲು ಅವನ ಕೈಯಲ್ಲಿ ಸೀಟೇ ಇಲ್ಲ. ಇಂಥವರಿಗೆ ಒಂದು ದಿರ್ಹಮ್ ಕೂಡ ಕೊಡಬೇಡಿ.

ಕಾಮರ್ಸ್ ಬಗ್ಗೆ ನನ್ನ ಮಾತು ಸ್ವಲ್ಪ ಜಾಸ್ತಿ ಅನ್ನಿಸಬಹುದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್, ಇಷ್ಟೂ ಬ್ಯಾಂಕ್ ಹುಟ್ಟಿದ್ದು ನಮ್ಮ ಹಳೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮಂಗಳೂರಿನಲ್ಲಿ ಬಿಕಾಂ ಜೊತೆಗೇ ಸಿಎ ಮಾಡುವ ವ್ಯವಸ್ಥೆ ಗಟ್ಟಿಯಾಗಿದೆ. ಆರ್ಟಿಕಲ್‌ಶಿಪ್, ಅಂದರೆ ಸಿಎ ಕಚೇರಿಯಲ್ಲಿ ಪಡೆಯುವ ತರಬೇತಿ ಕೂಡ ಅಲ್ಲೇ ಸಿಗುತ್ತದೆ. ನನ್ನ ಮಗಳು ಆರಿಸಿಕೊಂಡಿದ್ದು ಅದನ್ನೇ. "ಸೈನ್ಸ್ ಸಿಗಲಿಲ್ವಾ?" ಅಂತ ಕೇಳಿದವರಿದ್ದರು. ಅವರ ಮಾತು ಕೇಳಿ ಮಗುವಿನ ಮನಸ್ಸು ಕೆಡಿಸಬೇಡಿ.

ಸೀಟಿನ ಮಾತು ಇಷ್ಟು ಸಾಕು. ನನಗೆ ನಿಜವಾಗಿ ಹೇಳಬೇಕಾದದ್ದು ಬೇರೆ.

ಮಗಳ ವಿಷಯದಲ್ಲಿ ಎಲ್ಲವನ್ನೂ ನಾನೇ ಮಾಡಿದೆ. ಅರ್ಜಿ ತುಂಬಿದ್ದು, ಫೀಸು ಕಟ್ಟಿದ್ದು, ಇರಲು ಪಿಜಿ (ಪೇಯಿಂಗ್ ಗೆಸ್ಟ್ ಮನೆ) ಹುಡುಕಿದ್ದು, ಬ್ಯಾಂಕ್ ಅಕೌಂಟ್ ತೆರೆಸಿದ್ದು. ಅವಳು ಓದಲಿ, ಉಳಿದದ್ದು ನಮಗೆ ಬಿಡಲಿ ಅಂತ ನನ್ನ ಯೋಚನೆ. ಕಾಲೇಜು ಶುರುವಾಗಿ ಎರಡನೇ ವಾರ ಅವಳ ಫೋನ್ ಬಂತು. ಆಫೀಸಿನ ಕೌಂಟರ್ ಮುಂದೆ ನಿಂತಿದ್ದಳು. ಒಂದು ಫಾರ್ಮಿನಲ್ಲಿ ಊರಿನ ಖಾಯಂ ವಿಳಾಸ ಬರೆಯಬೇಕಿತ್ತು. ಅವಳಿಗೆ ಗ್ರಾಮದ ಹೆಸರು ಗೊತ್ತು, ಅಂಚೆ ಗೊತ್ತಿಲ್ಲ, ತಾಲೂಕು ಗೊತ್ತಿಲ್ಲ, ಪಿನ್‌ಕೋಡ್ ಗೊತ್ತಿಲ್ಲ. ಹಿಂದೆ ಸಾಲು ನಿಂತಿತ್ತು. ಅವಳ ದನಿ ನಡುಗುತ್ತಿತ್ತು. ಹನ್ನೆರಡನೇ ಕ್ಲಾಸಿನಲ್ಲಿ ಶೇ. 94 ತೆಗೆದ ಹುಡುಗಿ ಅದು. ತಪ್ಪು ಅವಳದಲ್ಲ, ನಾನು ಕಲಿಸಿರಲಿಲ್ಲ.

ಇಲ್ಲಿ ನಮ್ಮ ಮಕ್ಕಳು ಫ್ಲ್ಯಾಟಿನಿಂದ ಸ್ಕೂಲ್ ಬಸ್, ಸ್ಕೂಲ್ ಬಸ್‌ನಿಂದ ಫ್ಲ್ಯಾಟ್. ಅಂಗಡಿಗೆ ಹೋಗುವುದೂ ನಮ್ಮ ಕಾರಿನಲ್ಲೇ. ಅವರು ಒಬ್ಬರೇ ಒಂದು ಕೆಲಸ ಮುಗಿಸುವ ಸಂದರ್ಭವೇ ಬರುವುದಿಲ್ಲ. ಆದ್ದರಿಂದ ನಾವೇ ಬರಿಸಬೇಕು. ಮಗನಿಗೆ ಒಂಬತ್ತನೇ ಕ್ಲಾಸಿನಿಂದ ತಿಂಗಳಿಗೊಂದು ಕೆಲಸ ಬಿಟ್ಟುಕೊಟ್ಟೆ. ಕರೆಂಟ್ ಬಿಲ್ ಕಟ್ಟುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು, ವಾರದ ಖರ್ಚಿಗೆ ದುಡ್ಡು ಕೊಟ್ಟು ಶನಿವಾರ ಲೆಕ್ಕ ಕೇಳುವುದು. ಬುಧವಾರಕ್ಕೇ ದುಡ್ಡು ಮುಗಿದಾಗ ಮತ್ತೆ ಕೊಡಲಿಲ್ಲ. ಅವನ ಮುಖ ನೋಡಿ ನನಗೆ ಸಂಕಟವಾಯಿತು, ಆದರೂ ಕೊಡಲಿಲ್ಲ. ಪಿಯುಸಿ ಅರ್ಜಿಯನ್ನು ಅವನೇ ತುಂಬಿದ, ನಾನು ಪಕ್ಕದಲ್ಲಿ ಕೂತು ನೋಡಿದೆ ಅಷ್ಟೆ.

ಊರನ್ನೂ ಹಾಗೇ ಪರಿಚಯ ಮಾಡಿಸಬೇಕು. ಮಕ್ಕಳು ಊರು ನೋಡಿದ್ದು ಮದುವೆ, ಭೂತಕೋಲ, ಅಜ್ಜಿ ಮನೆಯ ಊಟದಲ್ಲಿ. ಅಲ್ಲಿ ಎಲ್ಲರೂ ಮುದ್ದು ಮಾಡುತ್ತಾರೆ. ಹಾಸ್ಟೆಲ್ ಊರು ಬೇರೆಯೇ. ನಾವು ಡಿಸೆಂಬರ್‌ನಲ್ಲಿ ಕಾಲೇಜು ತೋರಿಸಲು ಕರೆದುಕೊಂಡು ಹೋಗುತ್ತೇವೆ, ಬಿಸಿಲು, ತಂಪು ಗಾಳಿ, ಎಲ್ಲ ಚೆಂದ. ಜುಲೈನಲ್ಲಿ ಕರೆದುಕೊಂಡು ಹೋಗಿ. ಇಲ್ಲಿನ ಬೇಸಿಗೆ ರಜೆಯೂ ಆಗಲೇ ಅಲ್ವಾ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಗಳು ಮೊದಲ ಮಳೆಗಾಲದಲ್ಲಿ ವಿಡಿಯೊ ಮಾಡಿ ಕಳಿಸಿದ್ದಳು. ಮಂಚದ ಕೆಳಗಿದ್ದ ಕಪ್ಪು ಶೂ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು. ಮೂರು ದಿನದಿಂದ ಒಣಗದ ಚೂಡಿದಾರ್. "ಅಮ್ಮಾ, ಎಲ್ಲದಕ್ಕೂ ವಾಸನೆ ಬಂದಿದೆ" ಅಂದಳು. ಬೇಗ ಒಣಗುವ ಬಟ್ಟೆ, ರಬ್ಬರ್ ಚಪ್ಪಲಿ, ಗಟ್ಟಿ ಕೊಡೆ, ಇವನ್ನು ಅಲ್ಲೇ ಹೋಗಿ ಕೊಳ್ಳಿ. ಇಲ್ಲಿಂದ ಲೆದರ್ ಶೂ ಕಟ್ಟಬೇಡಿ.

ಬಸ್ಸಿನಲ್ಲಿ ಓಡಾಡಿಸಿ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಗುವನ್ನು ಟಿಕೆಟ್ ತೆಗೆಯಲು ಬಿಡಿ. ಹಂಪನಕಟ್ಟೆಯಲ್ಲಿ ನಿಂತರೆ ಒಂದರ ಹಿಂದೆ ಒಂದು ಸಿಟಿ ಬಸ್ ಬರುತ್ತದೆ. ನಂಬರ್ ಓದಿ, ಬೋರ್ಡ್ ಓದಿ ಹತ್ತುವಷ್ಟರಲ್ಲಿ ಬಸ್ ಹೊರಟಿರುತ್ತದೆ. ಕಂಡಕ್ಟರ್ "ಓಡೆಗ್?" ಅಂತ ತುಳುವಿನಲ್ಲಿ ಕೇಳಿದರೆ ಎಲ್ಲಿಗೆ ಅಂತ ಕೇಳುತ್ತಿದ್ದಾರೆ ಎಂದು ಗೊತ್ತಿರಬೇಕು. ತುಳು ಮಾತಾಡಲು ಬರದಿದ್ದರೆ ಪರವಾಗಿಲ್ಲ, ಕನ್ನಡಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ. ಆದರೆ ಕನ್ನಡ ಓದಲು ಬರಲೇಬೇಕು. ಪಿಯುಸಿಯಲ್ಲಿ ಎರಡನೇ ಭಾಷೆ ಹಿಂದಿಯೋ ಸಂಸ್ಕೃತವೋ ತೆಗೆದುಕೊಳ್ಳಬಹುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗನಿಗೆ ನನ್ನ ಅತ್ತೆ ಎರಡು ರಜೆಯಲ್ಲಿ ಉದಯವಾಣಿ ಓದಿಸಿ ಕಲಿಸಿದರು. ಮೊದಲು ಹೆಡ್‌ಲೈನ್ ಮಾತ್ರ, ಆಮೇಲೆ ಊರಿನ ಸುದ್ದಿ. ದಿನಕ್ಕೆ ಹತ್ತು ನಿಮಿಷ. ಓದಿದ ಮೇಲೆ ಬನ್ಸ್.

ಎಲ್ಲಿ ಇರಿಸುವುದು ಅಂತ ಕೇಳುತ್ತೀರಿ. ನೆಂಟರ ಮನೆಯಲ್ಲಿ ವರ್ಷಗಟ್ಟಲೆ ಬಿಡಬೇಡಿ. ಎಷ್ಟು ಹತ್ತಿರದವರಾದರೂ ಮಗು ಅಲ್ಲಿ ಬಾಯಿ ಬಿಟ್ಟು ಬೇಕು ಅನ್ನುವುದಿಲ್ಲ, ಅವರೂ ಬಾಯಿ ಬಿಟ್ಟು ಬೈಯುವುದಿಲ್ಲ. ಪಿಯುಸಿ ವಯಸ್ಸಿಗೆ ವಾರ್ಡನ್ ಇರುವ ಹಾಸ್ಟೆಲ್ ಒಳ್ಳೆಯದು, ಭಾನುವಾರಕ್ಕೆ ನೆಂಟರ ಮನೆ. ಪಿಜಿಯಲ್ಲಿ ಇರಿಸುವುದು ಡಿಗ್ರಿಗೆ ಬಂದ ಮೇಲೆ ಸಾಕು. ಸೇರಿಸುವ ಮೊದಲು ಸಂಜೆ ಏಳು ಗಂಟೆಗೆ ಹೋಗಿ ಮೆಸ್ಸಿನಲ್ಲಿ ಒಂದು ಊಟ ಮಾಡಿ, ಅಲ್ಲಿರುವ ಮಕ್ಕಳನ್ನು ಮಾತಾಡಿಸಿ.

ವೀಸಾ ಮರೆಯಬೇಡಿ. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಇಲ್ಲಿನ ರೆಸಿಡೆನ್ಸಿಗೆ ತೊಂದರೆ. ಕಾಲೇಜಿನ ರಜೆ ನೋಡಿ ಟಿಕೆಟ್ ಮಾಡಿ.

ಮೊದಲ ಮೂರು ತಿಂಗಳು ಅವರಿಗೆ ಒಂಟಿತನ ಇರುತ್ತದೆ. "ಗಲ್ಫ್ ಹುಡುಗ" ಅಂತ ಕರೆಯುತ್ತಾರೆ. ದುಡ್ಡಿದೆ ಅಂದುಕೊಂಡು ಹತ್ತಿರ ಬರುವವರೂ ಇರುತ್ತಾರೆ. ಇದನ್ನು ಹೋಗುವ ಮೊದಲೇ ಮಾತಾಡಿ. ನಾವು ದಿನಾ ಅಲ್ಲಿಯ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದೆವು, ಇಲ್ಲಿ ಏಳೂವರೆ. ಮಾರ್ಕ್ಸ್ ಕೇಳುವುದು ಭಾನುವಾರ ಮಾತ್ರ ಅಂತ ನಾನೂ ಗಂಡನೂ ನಿಯಮ ಮಾಡಿಕೊಂಡಿದ್ದೆವು. ಉಳಿದ ದಿನ ಊಟ, ಗೆಳೆಯರು, ಮಳೆ. ಮಗು ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮಾತು ತೀರಾ ಕಡಿಮೆಯಾದರೆ ಸುಮ್ನೆ ಕಾಯಬೇಡಿ. ಟೆಲಿ ಮಾನಸ್ ಎನ್ನುವ ಸರಕಾರಿ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಮಗುವಿನ ಫೋನಿನಲ್ಲಿ ಹಾಕಿಕೊಡಿ. ಅಷ್ಟಕ್ಕೂ ನಿಲ್ಲಲಿಲ್ಲ ಅಂದರೆ ಟಿಕೆಟ್ ತೆಗೆದು ಹೊರಡಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಇಲ್ಲಿಂದ ಮೂರೂವರೆ ಗಂಟೆ.