ಅಲೈಡ್ ಹೆಲ್ತ್ ಡಿಗ್ರಿಗೆ ಸೇರುವ ಮುಂಚೆ ಆಸ್ಪತ್ರೆಗೆ ಹೋಗಿ ಬನ್ನಿ

ಪಿಯುಸಿ ರಿಸಲ್ಟ್ ಬಂದದ್ದೇ ತಡ, ಹಾಸನದ ಬಿ.ಎಂ. ರಸ್ತೆ ಉದ್ದಕ್ಕೂ ಕಾಲೇಜುಗಳ ಫ್ಲೆಕ್ಸು ಏಳುತ್ತವೆ. ಬಿಳಿ ಕೋಟು ಹಾಕಿ ನಗುವ ಹುಡುಗಿ, ಪಕ್ಕದಲ್ಲೊಂದು ಯಂತ್ರ, ಕೆಳಗೆ 'ನೂರಕ್ಕೆ ನೂರು ಉದ್ಯೋಗ'. ಎಂಬಿಬಿಎಸ್ ಸೀಟಿಗೆ ಸಾಕಾಗುವಷ್ಟು ಅಂಕ ಬರಲಿಲ್ಲ, ಆದರೂ ಆಸ್ಪತ್ರೆ ಕೆಲಸವೇ ಬೇಕು ಎನ್ನುವ ಮಕ್ಕಳು ಈಗ ಜಾಸ್ತಿ ವಿಚಾರಿಸುವುದು ಅಲೈಡ್ ಹೆಲ್ತ್ ಕೋರ್ಸುಗಳನ್ನೇ, ಅಂದರೆ ಡಾಕ್ಟರ ಜೊತೆ ನಿಂತು ಪರೀಕ್ಷೆ, ಚಿಕಿತ್ಸೆಗೆ ನೆರವಾಗುವವರ ಓದನ್ನು. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಅನಸ್ತೇಶಿಯಾ, ಹೃದಯ ವಿಭಾಗ, ಕಣ್ಣಿನ ಪರೀಕ್ಷೆ, ಹೀಗೆ ಪಟ್ಟಿ ಉದ್ದವಿದೆ. ಕೆಲಸ ಇರುವುದೂ ನಿಜ. ಒಳ್ಳೆಯ ಟೆಕ್ನಿಷಿಯನ್ ಇಲ್ಲದಿದ್ದರೆ ಡಾಕ್ಟರ ಕೈ ಓಡುವುದಿಲ್ಲ.

ಆದರೆ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ. ವಿಶ್ವವಿದ್ಯಾಲಯ ಒಂದೇ, ಸಿಲೆಬಸ್ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಒಬ್ಬರು ಕೆಲಸ ಕಲಿತು ಹೊರಬರುತ್ತಾರೆ, ಇನ್ನೊಬ್ಬರು ಸರ್ಟಿಫಿಕೇಟು ಮಾತ್ರ ಹಿಡಿದು ಬರುತ್ತಾರೆ. ನನ್ನ ಪ್ರಕಾರ ಈ ವ್ಯತ್ಯಾಸದ ಮುಕ್ಕಾಲು ಪಾಲು ಇರುವುದು ಕಾಲೇಜಿನ ಹಿಂದಿರುವ ಆಸ್ಪತ್ರೆಯಲ್ಲಿ. ಅದನ್ನು ಅಳೆಯುವುದು ಹೇಗೆ ಎಂದು ನೋಡೋಣ. ಅದಕ್ಕೆ ಮುಂಚೆ ಎರಡು ಸಣ್ಣ ಕೆಲಸ ಮುಗಿಸಿಕೊಳ್ಳಿ.

ಡಿಗ್ರಿಯೋ, ಡಿಪ್ಲೊಮಾವೋ?

ಕೇಳಲು ಸಂಕೋಚ ಬೇಡ. ಒಂದೇ ಕಟ್ಟಡದಲ್ಲಿ ಎರಡೂ ನಡೆಯುವುದುಂಟು, ಕೌಂಟರಿನಲ್ಲಿ ಕೂತವರು ಎರಡನ್ನೂ 'ಪ್ಯಾರಾ ಮೆಡಿಕಲ್' ಎಂದುಬಿಡುತ್ತಾರೆ. ಡಿಪ್ಲೊಮಾ ಕೋರ್ಸುಗಳು ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡ್ ಅಡಿಯಲ್ಲಿ ಬರುತ್ತವೆ, ಎಸ್ಸೆಸ್ಸೆಲ್ಸಿ ಮುಗಿಸಿದವರೂ ಸೇರಬಹುದು. ಬಿಎಸ್ಸಿ ಡಿಗ್ರಿಗೆ ಪಿಯುಸಿ ವಿಜ್ಞಾನ ಬೇಕು. ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಲ್ಲಿ ಅದನ್ನು ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇಲ್ಲಿ ಹೆಚ್ಚಿನ ಕೋರ್ಸುಗಳು ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಎಂಬ ಲೆಕ್ಕದಲ್ಲಿ ನಡೆದು ಬಂದಿವೆ. ಡಿಪ್ಲೊಮಾ ಕಡಿಮೆಯೇನಲ್ಲ, ಬೇಗ ದುಡಿಯಬೇಕಾದ ಮನೆಯ ಮಕ್ಕಳಿಗೆ ಅದೇ ಸರಿಹೋಗಬಹುದು. ಆದರೆ ಡಿಗ್ರಿಯ ಫೀಸು ಕಟ್ಟಿ ಡಿಪ್ಲೊಮಾ ತಂದರೆ ನಷ್ಟ ನಿಮ್ಮದೇ.

ಸರ್ಕಾರಿ ನೌಕರಿಯ ಆಸೆ ಇದ್ದರೆ ಹಳೆಯ ನೇಮಕಾತಿ ಅಧಿಸೂಚನೆಗಳನ್ನು ಹುಡುಕಿ ಓದಿ. ರೈಲ್ವೆಯ ಪ್ಯಾರಾ ಮೆಡಿಕಲ್ ನೇಮಕಾತಿಯಲ್ಲಿ ರೇಡಿಯೋಗ್ರಾಫರ್, ಡಯಾಲಿಸಿಸ್ ಟೆಕ್ನಿಷಿಯನ್‌ನಂಥ ಹುದ್ದೆಗಳು ಬರುತ್ತವೆ. ಪ್ರತಿ ಹುದ್ದೆಯ ಎದುರು ಯಾವ ಡಿಗ್ರಿ ಅಥವಾ ಡಿಪ್ಲೊಮಾ ಬೇಕೆಂದು ಬರೆದಿರುತ್ತಾರೆ. ನಿಮ್ಮ ಕೋರ್ಸಿನ ಹೆಸರು ಅಲ್ಲಿ ಇದೆಯೋ ಇಲ್ಲವೋ ನೋಡಿಕೊಂಡೇ ಮುಂದೆ ಹೋಗಿ.

ಕಾಗದ ನೋಡಿ

ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಸಂಯೋಜಿತ ಕಾಲೇಜುಗಳ ಪಟ್ಟಿ ಇರುತ್ತದೆ. 'ಕಾಲೇಜಿಗೆ ಮಾನ್ಯತೆ ಇದೆಯಾ' ಅಂತ ಕೇಳಿದರೆ ಸಾಲದು. ಈ ಕೋರ್ಸಿಗೆ, ಈ ವರ್ಷಕ್ಕೆ, ಎಷ್ಟು ಸೀಟಿಗೆ ಇದೆ ಎಂದು ಕೇಳಬೇಕು. ಲ್ಯಾಬ್ ಕೋರ್ಸಿಗೆ ಅನುಮತಿ ಇದ್ದ ಮಾತ್ರಕ್ಕೆ ಕಾರ್ಡಿಯಾಕ್ ಕೋರ್ಸಿಗೂ ಇದೆ ಎಂದೇನಿಲ್ಲ. 'ಅರ್ಜಿ ಹಾಕಿದ್ದೀವಿ, ಬಂದೇ ಬರುತ್ತೆ' ಎಂದರೆ, ಬಂದ ಮೇಲೆ ಸೇರುತ್ತೇವೆ ಎಂದು ನಗುತ್ತಲೇ ಹೇಳಿ ಎದ್ದು ಬನ್ನಿ.

ಇನ್ನೊಂದು ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ಈ ವೃತ್ತಿಗಳಿಗಾಗಿಯೇ ಕಾಯ್ದೆ ತಂದು ರಾಷ್ಟ್ರೀಯ ಆಯೋಗ ರಚಿಸಿತು. ಆ ಕಾಯ್ದೆಯ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಯವರ ಓದು ಕನಿಷ್ಠ 2000 ಗಂಟೆ ಇರಬೇಕು. ಫಿಸಿಯೋಥೆರಪಿಯಂಥ ಹೆಲ್ತ್‌ಕೇರ್ ವೃತ್ತಿಗಳಿಗೆ 3600 ಗಂಟೆ. ಆಯೋಗ 2025ರಲ್ಲಿ ಹಲವು ಕೋರ್ಸುಗಳಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಪ್ರಕಟಿಸಿದೆ. ಹಾಗಾಗಿ ನಿಮ್ಮ ಬ್ಯಾಚಿಗೆ ಹಳೆಯ ಸಿಲೆಬಸ್ಸೋ ಹೊಸದೋ, ಡಿಗ್ರಿಯ ಹೆಸರೇನು, ಒಟ್ಟು ಎಷ್ಟು ವರ್ಷ ಎಂದು ಬರವಣಿಗೆಯಲ್ಲಿ ಕೇಳಿ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮುಗಿಸಬಹುದು ಎನ್ನುವವರು ಸಿಕ್ಕರೆ ಫೋನ್ ಇಟ್ಟುಬಿಡಿ. ರೋಗಿಯನ್ನೇ ಮುಟ್ಟದೆ ಈ ಓದು ಓದುವುದೆಂದರೆ ದಂಡೆಯಲ್ಲಿ ಕೂತು ಈಜು ಕಲಿತ ಹಾಗೆ.

ಈಗ ಆಸ್ಪತ್ರೆಗೆ ನಡೆಯಿರಿ

ಮೊದಲ ಪ್ರಶ್ನೆ: ಆಸ್ಪತ್ರೆ ಕಾಲೇಜಿನದ್ದೇನಾ, ಒಪ್ಪಂದದ್ದಾ? ಒಪ್ಪಂದ ಇದ್ದರೆ ತಪ್ಪೇನಿಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಂಥ ಕಡೆ ರೋಗಿಗಳ ಸಂಖ್ಯೆ ಜಾಸ್ತಿ, ಕಲಿಯುವುದೂ ಜಾಸ್ತಿ. ಆದರೆ ಒಪ್ಪಂದ ಪತ್ರ ಈ ವರ್ಷದ್ದಾ, ಅದರಲ್ಲಿ ನಿಮ್ಮ ವಿಭಾಗದ ಹೆಸರಿದೆಯಾ ನೋಡಿ. ಆಮೇಲೆ ಕೆಲಸದ ದಿನ, ಬೆಳಗ್ಗೆ ಹತ್ತರ ಹೊತ್ತಿಗೆ, ಕಾಲೇಜಿನವರನ್ನು ಜೊತೆಗೆ ಕರೆದುಕೊಳ್ಳದೆ ಒಮ್ಮೆ ಹೋಗಿ. ಹೊರರೋಗಿಗಳ ಸಾಲು ಎಷ್ಟಿದೆ ನೋಡಿ. ರೋಗಿಗಳೇ ಇಲ್ಲದ ಆಸ್ಪತ್ರೆಯ ಮಾರ್ಬಲ್ ನೆಲ ಎಷ್ಟು ಹೊಳೆದರೇನು ಬಂತು?

ಡಯಾಲಿಸಿಸ್ ಕೋರ್ಸು ಬೇಕೆಂದರೆ ಯಂತ್ರ ಎಣಿಸಿ. ಒಂದು ಸಲದ ಡಯಾಲಿಸಿಸ್ ಸಾಮಾನ್ಯವಾಗಿ ನಾಲ್ಕು ಗಂಟೆ ನಡೆಯುತ್ತದೆ. ಐದು ಯಂತ್ರ, ದಿನಕ್ಕೆ ಎರಡು ಪಾಳಿ ಎಂದಿಟ್ಟುಕೊಳ್ಳಿ, ಹತ್ತು ರೋಗಿಗಳಾದರು. ಅಲ್ಲಿ ಒಂದೇ ದಿನ ಮೂವತ್ತು ವಿದ್ಯಾರ್ಥಿಗಳನ್ನು ಬಿಟ್ಟರೆ ಒಬ್ಬ ರೋಗಿಯ ಸುತ್ತ ಮೂವರು. ಸೂಜಿ ಹಾಕುವುದು ಒಬ್ಬರು, ಉಳಿದಿಬ್ಬರು ಸುಮ್ನೆ ನಿಂತು ನೋಡುವವರು. ದಿನಕ್ಕೆ ಎಷ್ಟು ಜನರನ್ನು, ಯಾವ ಸರದಿಯಲ್ಲಿ ಹಾಕುತ್ತಾರೆ ಎಂದು ಕೇಳಲೇಬೇಕು. ಹಾಗೇ ನೀರಿನ ಕೋಣೆ ತೋರಿಸಿ ಎನ್ನಿ. ಯಂತ್ರದಲ್ಲಿ ರಕ್ತ ಶುದ್ಧಿ ಮಾಡುವ ದ್ರವ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಹರಿಯುತ್ತದೆ. ನಾಲ್ಕು ಗಂಟೆಗೆ ಒಬ್ಬರಿಗೇ 120 ಲೀಟರ್ ಆಯಿತು. ಅದಕ್ಕೆ ಬೇಕಾದ ನೀರು ಆರ್‌ಒ ಘಟಕದಿಂದ ಶುದ್ಧವಾಗಿ ಬರಬೇಕು. ಅದರಲ್ಲಿ ಕ್ಲೋರಿನ್ ಉಳಿದರೆ ರೋಗಿಯ ರಕ್ತಕಣಗಳೇ ಒಡೆಯುತ್ತವೆ. ಎರಡನೇ ವರ್ಷದ ವಿದ್ಯಾರ್ಥಿಗೆ 'ನೀರಿನ ಕ್ಲೋರಿನ್ ಟೆಸ್ಟ್ ನೀನೇ ಮಾಡಿದ್ದೀಯಾ' ಅಂತ ಕೇಳಿ. ಕೋಣೆಯ ಬಾಗಿಲೇ ತೆರೆದು ನೋಡಿಲ್ಲ ಎಂದರೆ ಉತ್ತರ ಸಿಕ್ಕಿತು, ಅಲ್ವಾ?

ಎಕ್ಸ್‌ರೇ, ಸ್ಕ್ಯಾನಿಂಗ್ ವಿಭಾಗದಲ್ಲಿ ಕಣ್ಣು ಹಾಯಿಸಬೇಕಾದ್ದು ಕೆಲಸ ಮಾಡುವವರ ಎದೆಯ ಮೇಲೆ. ಅಲ್ಲೊಂದು ಪುಟ್ಟ ಬ್ಯಾಡ್ಜ್ ಸಿಕ್ಕಿಸಿಕೊಂಡಿರಬೇಕು. ಅದು ಟಿಎಲ್‌ಡಿ ಬ್ಯಾಡ್ಜ್, ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಅಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಅಳತೆಗೆ ಕಳಿಸುತ್ತಾರೆ. ಸೀಸದ ಏಪ್ರನ್ ಹಾಕಿದಾಗ ಬ್ಯಾಡ್ಜ್ ಅದರ ಒಳಗಿರಬೇಕು. ವಿದ್ಯಾರ್ಥಿಗಳಿಗೂ ಬ್ಯಾಡ್ಜ್ ಕೊಟ್ಟಿದ್ದಾರಾ ಕೇಳಿ. ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇದೆಯಾ ಎಂದೂ ಕೇಳಿ. ಎಂಆರ್‌ಐ ಇಲ್ಲದ ಕಡೆ ಊರಿನ ಸ್ಕ್ಯಾನಿಂಗ್ ಸೆಂಟರಿಗೆ ಕಳಿಸುತ್ತೇವೆ ಎನ್ನುತ್ತಾರೆ. ಎಷ್ಟು ದಿನಕ್ಕೆ, ಎಷ್ಟು ಜನರನ್ನು ಎಂಬುದೇ ಪ್ರಶ್ನೆ.

ಲ್ಯಾಬ್ ಕೋರ್ಸಿನವರನ್ನು ಪರೀಕ್ಷಿಸುವುದು ಸುಲಭ. ರಕ್ತ ತೆಗೆಯುವ ಟೇಬಲ್ಲಿನ ಮೇಲೆ ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳಿರುತ್ತವೆ. ನೇರಳೆ ರಕ್ತಕಣ ಎಣಿಸಲು, ಬೂದು ಬಣ್ಣದ್ದು ಶುಗರ್‌ಗೆ, ತಿಳಿನೀಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ಯಾವುದನ್ನು ಮೊದಲು ತುಂಬಬೇಕು, ಯಾಕೆ ಎಂದು ಸೀನಿಯರ್ ಒಬ್ಬರನ್ನು ಕ್ಯಾಂಟೀನಿನಲ್ಲಿ ಕೇಳಿ. ಪುಸ್ತಕದ ಉತ್ತರ ಬಂದರೆ ಸಾಲದು. ಕೈಯಲ್ಲಿ ಮಾಡಿದವರು ಹೇಳುವ ರೀತಿಯೇ ಬೇರೆ, ನಡುವೆ ಒಂದೆರಡು ಬೈಗುಳವೂ ಬರುತ್ತವೆ.

ಕಾರ್ಡಿಯಾಕ್ ಕೋರ್ಸಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಇಲ್ಲದ ಆಸ್ಪತ್ರೆಯಲ್ಲಿ ಇಸಿಜಿ ಕಲಿಯಬಹುದು, ಎಕೋ, ಅಂದರೆ ಹೃದಯದ ಸ್ಕ್ಯಾನ್ ನೋಡಬಹುದು, ಅಷ್ಟೇ. ನಮ್ಮ ಮಲೆನಾಡಿನ ಹೃದಯದ ರೋಗಿಗಳೇ ಎಷ್ಟೋ ಜನ ಮಂಗಳೂರಿಗೋ ಮೈಸೂರಿಗೋ ಹೋಗುತ್ತಾರೆ. ಮಕ್ಕಳನ್ನೂ ಅಲ್ಲಿಗೆ ಕಳಿಸುವುದಾದರೆ ಯಾವ ವರ್ಷ, ಎಷ್ಟು ತಿಂಗಳು, ಉಳಿಯುವ ಖರ್ಚು ಯಾರದ್ದು? ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಬರುವವರಿಗೆ ಹಾಸನದಲ್ಲೊಂದು ಹಾಸ್ಟೆಲ್, ಮೈಸೂರಿನಲ್ಲೊಂದು ಪಿಜಿ ಎಂದರೆ ಬಜೆಟ್ಟೇ ತಲೆಕೆಳಗಾಗುತ್ತದೆ.

ಕಲಿಸುವವರು ಯಾರು?

ಅದೇ ವಿಷಯದಲ್ಲಿ ಸ್ನಾತಕೋತ್ತರ ಓದಿದ, ಪೂರ್ಣಾವಧಿ ಶಿಕ್ಷಕರು ಎಷ್ಟಿದ್ದಾರೆ ಕೇಳಿ. ಹೋದ ವರ್ಷ ಪಾಸಾದವರೇ ಈ ವರ್ಷ ಎಲ್ಲ ಪೇಪರನ್ನೂ ಪಾಠ ಮಾಡುತ್ತಿದ್ದರೆ ಯೋಚಿಸಿ. ದಿನದ ಕೆಲಸ ಬರೆದು ಸಹಿ ಹಾಕಿಸುವ ಪುಸ್ತಕ, ಅಂದರೆ ವಿದ್ಯಾರ್ಥಿಯ ಲಾಗ್ ಬುಕ್ ಒಂದನ್ನು ಕೇಳಿ ತಿರುವಿ ನೋಡಿ. ದಿನಾಂಕ ಬೇರೆ ಬೇರೆ, ಶಾಯಿ ಒಂದೇ, ಸಹಿಗಳೆಲ್ಲ ಒಂದೇ ಉಸಿರಿನಲ್ಲಿ ಹಾಕಿದಂತಿದ್ದರೆ ಆ ಕಾಲೇಜಿನ ಪ್ರಾಸ್ಪೆಕ್ಟಸ್ ಓದುವ ಅಗತ್ಯವಿಲ್ಲ.

ಇಂಟರ್ನ್‌ಶಿಪ್, ಕೆಲಸ

ಇಂಟರ್ನ್‌ಶಿಪ್ ಎಲ್ಲಿ, ಸ್ಟೈಪೆಂಡ್ ಇದೆಯಾ, ರಾತ್ರಿ ಪಾಳಿ ಇದೆಯಾ? ಕೆಲವೆಡೆ ಆ ಒಂದು ವರ್ಷ ಮಕ್ಕಳನ್ನು ಸಂಬಳವಿಲ್ಲದ ಸಿಬ್ಬಂದಿಯಾಗಿ ದುಡಿಸಿಕೊಳ್ಳುತ್ತಾರೆ. ಫೈಲು ಹೊರುವುದು, ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವುದು ಇಂಟರ್ನ್‌ಶಿಪ್ ಅನ್ನಿಸಿಕೊಳ್ಳುವುದಿಲ್ಲ.

'ನೂರಕ್ಕೆ ನೂರು ಉದ್ಯೋಗ' ಎಂದವರಿಗೆ ಒಂದೇ ಪ್ರಶ್ನೆ ಸಾಕು: ಎರಡು ವರ್ಷದ ಹಿಂದೆ ಮುಗಿಸಿದ ಬ್ಯಾಚಿನ ಮೂವರ ಜೊತೆ ಮಾತಾಡಿಸುತ್ತೀರಾ? ಜೊತೆಗೆ ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡುವ ಟೆಕ್ನಿಷಿಯನ್‌ಗಳನ್ನೂ ಮಾತಾಡಿಸಿ. ಶುರುವಿನ ಸಂಬಳ ಫ್ಲೆಕ್ಸಿನಲ್ಲಿರುವುದಕ್ಕಿಂತ ಎಷ್ಟು ಕಮ್ಮಿ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ದುಡ್ಡು ಕಟ್ಟುವಾಗ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸಿಗುವ ಸೀಟಿನ ಫೀಸು, ಮ್ಯಾನೇಜ್‌ಮೆಂಟ್ ಸೀಟಿನ ಫೀಸು ಎರಡನ್ನೂ ಪಕ್ಕಪಕ್ಕ ಬರೆಸಿಕೊಳ್ಳಿ. ಯೂನಿಫಾರ್ಮ್, ಪರೀಕ್ಷಾ ಶುಲ್ಕ, 'ಕ್ಲಿನಿಕಲ್ ಫೀಸು', ಬಸ್ಸು, ಹಾಸ್ಟೆಲ್ ಎಲ್ಲ ಸೇರಿಸಿ ಪೂರ್ತಿ ಅವಧಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಇಂಟರ್ನ್‌ಶಿಪ್ ವರ್ಷಕ್ಕೂ ಫೀಸು ಕೇಳುತ್ತಾರಾ ಎಂದು ವಿಚಾರಿಸಲು ಬಹಳ ಜನ ಮರೆಯುತ್ತಾರೆ. ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನ ರಸೀದಿ ತಗೊಳ್ಳಿ. ಏಜೆಂಟರ ಗೂಗಲ್ ಪೇ ನಂಬರಿಗೆ ಹಾಕಬೇಡಿ. ಮೂಲ ಅಂಕಪಟ್ಟಿ ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಮೂಲ ದಾಖಲೆ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. 'ಸೇಫ್ ಆಗಿ ನಮ್ಮ ಹತ್ರಾನೇ ಇರಲಿ' ಎಂದರೆ, ನಮ್ಮ ಮನೆಯ ಬೀರುವೂ ಗಟ್ಟಿಯಾಗಿದೆ ಎನ್ನಿ.