ಚಪ್ಪಾಳೆ ತಟ್ಟಬೇಕಿಲ್ಲ, ಕೇಳಿದರೆ ಸಾಕು

ಭಾಷಣ ಕೇಳುವುದನ್ನು ಕಲಬುರಗಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಶಾಮಿಯಾನದ ಕೆಳಗೆ ಕುಳಿತು, ಎರಡು ತಾಸು ತಡವಾಗಿ ಬಂದ ಮುಖ್ಯ ಅತಿಥಿಗೂ ಚಪ್ಪಾಳೆ ತಟ್ಟಿದವರು ನಾವು. ಆ ಹೊತ್ತಿನಲ್ಲಿ ನಮ್ಮೊಳಗೆ ಏನಾಯಿತು ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಮನೋವಿಜ್ಞಾನದ ಸಂಶೋಧಕರಿಗೆ ಬೇಕಾಗಿರುವುದು ಅದೇ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಮನೋವಿಜ್ಞಾನ ವಿಭಾಗಗಳಿವೆ. ಭಾಷಣ ಕೇಳಿಸಿ, ಕೇಳುಗರ ಮನಸ್ಸಿನಲ್ಲಿ ಏಳುವ ಭಾವಗಳನ್ನು ಅಳೆಯುವ ಇಂಥದೊಂದು ಅಧ್ಯಯನಕ್ಕೆ ನಿಮಗೂ ಕರೆ ಬಂದೀತು.

ಬಂದರೆ ಮೊದಲು ಮಾಹಿತಿ ಪತ್ರ ಓದಿ. ಬ್ಯಾಂಕಿನ ಅರ್ಜಿಯಂತೆ ಕೊನೆಯ ಪುಟ ತಿರುವಿ ಸಹಿ ಹಾಕಬೇಡಿ. ಭಾಗವಹಿಸುವವರಿಗೆ ಹಾನಿಯಾಗದಂತೆ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಈ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವಿಡಿಯೊ ಮಾಡುತ್ತಾರೆಯೇ, ನಿಮ್ಮ ಹೆಸರನ್ನು ಉತ್ತರಗಳಿಂದ ಬೇರೆಯಾಗಿ ಇಡುತ್ತಾರೆಯೇ ಎಂದು ಕೇಳಿ. ಯಾರಾದರೂ ಓಟಿಪಿ ಕೇಳಿದರೆ ಅದು ಸಂಶೋಧನೆಯಲ್ಲ, ಎದ್ದು ಬನ್ನಿ. ಇನ್ನೊಂದು ಮಾತು: ಪಾಠ ಹೇಳಿದ ಗುರುಗಳೇ ಕರೆದರೂ ಒಲ್ಲೆ ಎನ್ನುವ ಹಕ್ಕು ನಿಮಗಿದೆ. ಅರ್ಧಕ್ಕೇ ಬಿಟ್ಟು ಹೊರಡಬಹುದು, ಕಾರಣ ಹೇಳಬೇಕಿಲ್ಲ.

ಬೆರಳಿಗೆ ಸಂವೇದಕ (ಸೆನ್ಸರ್) ಕಟ್ಟುವ ಅಧ್ಯಯನವಾದರೆ ಅಂದು ಕೈಗೆ ಕ್ರೀಮ್ ಹಚ್ಚಬೇಡಿ. ಚಹಾ ಕುಡಿಯಬಹುದೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮನಸ್ಸು ಕಲಕಿದಾಗ ಅಂಗೈ, ಬೆರಳುಗಳ ಬೆವರುಗ್ರಂಥಿಗಳು ಚುರುಕಾಗುತ್ತವೆ. ಚರ್ಮದಲ್ಲಿ ವಿದ್ಯುತ್ ಸ್ವಲ್ಪ ಸಲೀಸಾಗಿ ಹರಿಯುತ್ತದೆ. ಯಂತ್ರ ಅಳೆಯುವುದು ಅದನ್ನು. ಹರಿಸುವ ವಿದ್ಯುತ್ತು ಗೊತ್ತೇ ಆಗದಷ್ಟು ಕಡಿಮೆ. ಮನ ಮುಟ್ಟಿದ ಮಾತಿನ ಬೆನ್ನಿಗೆ, ಒಂದರಿಂದ ಮೂರು ಸೆಕೆಂಡಿನಲ್ಲಿ, ಪರದೆಯ ಗೆರೆ ಏಳುತ್ತದೆ. ನಮ್ಮ ಊರಿನ ಬಿಸಿಲಿನಲ್ಲಿ ನಡೆದು ಬಂದವರ ಬೆವರಿಗೆ ಭಾಷಣ ಹೊಣೆಯಲ್ಲವಲ್ಲ! ಆದ್ದರಿಂದ ಹತ್ತು ಹದಿನೈದು ನಿಮಿಷ ಫ್ಯಾನಿನ ಕೆಳಗೆ ಕುಳಿತೇ ಆರಂಭಿಸಿ, ಅವರು ಅವಸರ ಮಾಡಿದರೂ ಸರಿಯೇ.

ಆದರೆ ಆ ಗೆರೆಗೆ ಸಿಟ್ಟು ಯಾವುದು, ಸಂತೋಷ ಯಾವುದು ಎಂದು ತಿಳಿಯದು. ಅದನ್ನು ಹೇಳಬೇಕಾದವರು ನೀವೇ. ಅದಕ್ಕೇ ಯಾವ ಭಾವ ಎಷ್ಟಿತ್ತು ಎಂದು ಗುರುತು ಹಾಕಲು ಒಂದರಿಂದ ಒಂಬತ್ತರವರೆಗಿನ ಅಳತೆಪಟ್ಟಿಯನ್ನೋ ಗೊಂಬೆಚಿತ್ರಗಳ ಸಾಲನ್ನೋ ಮುಂದಿಡುತ್ತಾರೆ. ನಾವು ಎಡವುವುದು ಇಲ್ಲಿಯೇ. ಎದುರಿಗಿರುವ ಹುಡುಗಿ ಪಿಎಚ್.ಡಿ ಮಾಡುತ್ತಿದ್ದಾಳೆ, ಪಾಪ, ಅವಳಿಗೆ ಒಳ್ಳೆಯದಾಗಲಿ ಎಂದು ಅವಳು ಬಯಸಿರಬಹುದಾದ ಉತ್ತರವನ್ನೇ ಗುರುತು ಹಾಕುತ್ತೇವೆ. ಇಲ್ಲವೇ ಯಾರಿಗೂ ಬೇಸರ ಬೇಡವೆಂದು ಎಲ್ಲಕ್ಕೂ ಐದು! ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಓರ್ನ್ 1962ರಲ್ಲೇ ಈ ಉಪಕಾರಬುದ್ಧಿಯ ಬಗ್ಗೆ ಎಚ್ಚರಿಸಿದ್ದರು. ಅವಳಿಗೆ ನಿಜವಾಗಿ ಉಪಕಾರ ಮಾಡಬೇಕೆಂದಿದ್ದರೆ ಭಾಷಣ ಬೇಸರ ತರಿಸಿತು ಎಂದೇ ಬರೆಯಿರಿ.

ನೆಹರೂ ಅವರ 1947ರ ಆಗಸ್ಟ್ ನಡುರಾತ್ರಿಯ ಭಾಷಣವನ್ನೇ ಕೇಳಿಸಿದರು ಎಂದುಕೊಳ್ಳಿ. ಬೆಂಗಳೂರಿನವರಿಗೆ ಹೆಮ್ಮೆ ಎನಿಸಬಹುದು. ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಭಾಗ ಬಿಡುಗಡೆ ಕಂಡದ್ದು 1948ರ ಸೆಪ್ಟೆಂಬರ್ 17ರಂದು. ಆ ದಿನಗಳ ಕಥೆಯನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವರಿಗೆ ಅದೇ ಮಾತಿನಲ್ಲಿ ಹೆಮ್ಮೆಯ ಜೊತೆಗೆ ಒಂದು ಚುಚ್ಚೂ ಇರಬಹುದು. ಪಟ್ಟಿಯಲ್ಲಿ ಅಂಥ ಭಾವಕ್ಕೆ ಜಾಗವಿಲ್ಲದಿದ್ದರೆ ಪಕ್ಕದಲ್ಲಿ ಬರೆದಿಡಿ. ಭಾಷಾಂತರ ತಿಳಿಯದಿದ್ದರೂ ಹೇಳಿ, ತಿಳಿದಂತೆ ತಲೆಯಾಡಿಸಬೇಡಿ.

ಮುಗಿದ ಮೇಲೆ ಅಧ್ಯಯನದ ನಿಜವಾದ ಉದ್ದೇಶವನ್ನು ವಿವರಿಸುತ್ತಾರೆ, ಕೆಲವೊಮ್ಮೆ ಅದನ್ನು ಮೊದಲು ಮುಚ್ಚಿಟ್ಟಿರುತ್ತಾರೆ. ಒಪ್ಪಿಗೆಯಾಗದಿದ್ದರೆ ನಿಮ್ಮ ಉತ್ತರಗಳನ್ನು ತೆಗೆದುಹಾಕಲು ಆಗಲೇ ಹೇಳಿ. ದ್ವೇಷದ ಭಾಷಣ ಕೇಳಿ ಮನಸ್ಸು ಕೆಟ್ಟಿದ್ದರೆ ತಕ್ಷಣ ಬೈಕ್ ಹತ್ತಬೇಡಿ. ಬಸ್ ಚಾರ್ಜು ಕೊಟ್ಟರೆ ಸಹಿ ಮಾಡಿ ತೆಗೆದುಕೊಳ್ಳಿ, ಸಂಕೋಚವೇಕೆ? ನಾಳೆ ಪಾಳಿ ಇರುವ ಗೆಳೆಯನಿಗೆ ಮಾತ್ರ ಒಳಗೆ ಏನು ನಡೆಯಿತೆಂದು ಹೇಳಬೇಡಿ. ಕೆದಕಿ ಕೇಳಿದರೆ, ಕುರ್ಚಿ ಚೆನ್ನಾಗಿತ್ತು ಎಂದುಬಿಡಿ.